ಬೆನ್ನ ಹಿಂದಿನ ಬೆಲ್ಟು

ಕ್ಯಾತ್ಸಂದ್ರ
ಭಾನುವಾರ

ಪ್ರೀತಿಯ ಶಮಂತ್,

ಅತ್ತೆ ಕೇಳಿದ ಹಾಗೆ ನಮ್ಮ ನಾಯಿ ಕಡ್ಲೆಯನ್ನು ನಿನ್ನ ಜೊತೆ ಕುಣಿಗಲ್ಲಿಗೆ ಕಳಿಸುತ್ತಿದ್ದೇನೆ. ನಾಳೆ ನೀನು ಬರುವಾಗ ನಾನು ಕಾಲೇಜಿನಲ್ಲಿರುತ್ತೇನೆ. ಕೀಯನ್ನೂ ಈ ಪತ್ರವನ್ನೂ ಪಕ್ಕದ ಮನೆಯ ಹಜರಾ ಬೀ ಹತ್ತಿರ ಕೊಟ್ಟಿರುತ್ತೇನೆ.

ಹೊರಡುವ ಮುಂಚೆ ಅವನಿಗೆ ಏನೂ ತಿನ್ನಿಸಬೇಡ, ಕಾರಿನಲ್ಲಿ ವಾಂತಿ ಮಾಡುತ್ತಾನೆ. ಹಿಂದಿನ ಸೀಟಿನಲ್ಲೇ ಕೂರಿಸಿ, ಎದೆಪಟ್ಟಿಯನ್ನು ಸೀಟ್ ಬೆಲ್ಟಿನ ಕೊಂಡಿಗೆ ಸಿಕ್ಕಿಸು. ಕುತ್ತಿಗೆಪಟ್ಟಿಗೆ ಮಾತ್ರ ಕಟ್ಟಬೇಡ, ಬ್ರೇಕ್ ಹಾಕಿದರೆ ಉಸಿರು ಕಟ್ಟುತ್ತದೆ. ನಿಮ್ಮಣ್ಣ ಪ್ರತಿ ಸಲವೂ ಆ ಪಟ್ಟಿಯನ್ನು ಎಳೆದೆಳೆದು ನೋಡುತ್ತಿದ್ದರು.

"ನಾಯಿಗೆ ಇಷ್ಟೆಲ್ಲಾ ಮಾಡ್ತೀರ, ನೀವ್ಯಾಕೆ ಹಾಕ್ಕೊಳಲ್ಲ?" ಅಂದರೆ, "ಇಲ್ಲೇ ಗುಬ್ಬಿಗೆ ತಾನೇ ಕಣೇ, ಸುಮ್ನಿರು" ಎಂದು ತಮ್ಮ ಬೆಲ್ಟನ್ನು ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸುತ್ತಿದ್ದರು. ಬೆಲ್ಟ್ ಹಾಕದಿದ್ದರೆ ಕಾರು ಮಾಡುವ ಆ ಬೀಪ್ ಸದ್ದು ನಿಂತರೆ ಸಾಕಿತ್ತು ಅವರಿಗೆ. ಗುಬ್ಬಿ ರಸ್ತೆಯಲ್ಲಿ ಆ ದಿನವೂ ಹಾಗೇ ಸಿಕ್ಕಿಸಿದ್ದರಂತೆ. ಕಾರಿನಿಂದ ಇಳಿದು ಬಂದದ್ದು ಕಡ್ಲೆ ಒಬ್ಬನೇ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ.

ಈಗಲೂ ವಾಷಿಂಗ್ ಮೆಷಿನ್ನಿನ ಬೀಪ್ ನಿಂತ ಕೂಡಲೇ, ಕಾರು ಹೊರಟಿತು ಅಂದುಕೊಂಡು ಅವನು ಎದ್ದು ಬಾಗಿಲಿನ ಕಡೆ ನೋಡಿ ಬಾಲ ಆಡಿಸುತ್ತಾನೆ. ನಾನೂ ನೋಡುತ್ತೇನೆ. ಅಲ್ಲೂ ಅವನು ಹಾಗೆ ಮಾಡಿದರೆ ನೀನು ಹೆದರಬೇಡ.

ಇನ್ನೊಂದು ಮಾತು. ವೈಕುಂಠ ಸಮಾರಾಧನೆ ಮುಗಿಸಿ ಹೊರಟಾಗ ನೀನೂ ಬೆಲ್ಟನ್ನು ಬೆನ್ನ ಹಿಂದೆಯೇ ಸಿಕ್ಕಿಸಿದ್ದನ್ನು ಕಿಟಕಿಯಿಂದ ನೋಡಿದೆ. ನಾಳೆಯೂ ಹಾಗೇ ಮಾಡುವುದಾದರೆ ಕಡ್ಲೆಯನ್ನು ಇಲ್ಲೇ ಬಿಟ್ಟು ಹೋಗು, ಅತ್ತೆಗೆ ನಾನೇ ಏನೋ ಹೇಳುತ್ತೇನೆ. ಇನ್ನೊಂದು ಸಲ ಅವನು ಒಬ್ಬನೇ ಇಳಿದು ಬರುವುದು ಬೇಡ.

ನಿನ್ನ ಅತ್ತಿಗೆ,
ಅಪರ್ಣ