ಉಪ್ಪು ಇಳಿಯುವ ಹೊತ್ತು

ಪ್ರಯೋಗಾಲಯದ ಹಿಂದಿನ ಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಚಿನ್ನೂ,

ಹೇಗಿದ್ದೀಯ? ಅಕ್ಕನಿಗೆ ಜ್ವರ ಬಿಟ್ಟಿತೇ? ಅವಳ ಕೂಸು ನಿನ್ನನ್ನು ಮಲಗಗೊಡುವುದಿಲ್ಲವೆಂದು ಇಲ್ಲಿಗೆ ಬಂದ ಭಾವ ಹೇಳಿದರು. ಹಗಲು ಒಂದು ಗಳಿಗೆಯಾದರೂ ಕಣ್ಣು ಮುಚ್ಚು, ಹಟ ಮಾಡಬೇಡ. ಇಲ್ಲಿ ನಾವು ಮಾವ ಅಳಿಯ ನಮ್ಮ ಕೈಯಡುಗೆಯನ್ನೇ ಉಂಡು ಇನ್ನೂ ಬದುಕಿದ್ದೇವೆ.

ನಿನ್ನಪ್ಪನ ನಿಂಬೆಗಿಡಗಳ ಎಲೆಯಂಚು ಸುಟ್ಟಂತಾಗಿರುವುದು ನಿನಗೆ ಗೊತ್ತೇ ಇದೆ. ಕೊಳವೆಬಾವಿಯ ನೀರಿನ ಉಪ್ಪು ಮಣ್ಣು ಸೇರಿರಬೇಕೆಂದು ನನಗೆ ಅನುಮಾನ. ನಮ್ಮ ಪ್ರಯೋಗಾಲಯದಿಂದ ಮೂರು ಸೆನ್ಸರ್ ತಂದು ಒಂದು ಗಿಡದ ಬುಡದಲ್ಲಿ ಮೇಲೆ, ನಡುವೆ, ಆಳದಲ್ಲಿ ಹೂತೆ. ಮೀಟರಿನ ಅಂಕಿ ಏರಿದ್ದು ನೋಡಿದ ಮಾವ ಒಳಗೆ ಹೋಗಿ ಗರಗಸ ತಂದರು. "ನಿಮ್ಮತ್ತೆ ನೆಟ್ಟ ಗಿಡ. ಒಣಗೋದನ್ನ ದಿನಾ ನೋಡೋಕಾಗಲ್ಲ, ಕಡಿದುಬಿಡ್ತೀನಿ" ಎಂದರು. ಅವರ ಕೈಯಿಂದ ಗರಗಸ ಕಿತ್ತುಕೊಳ್ಳಲು ನನಗೆಲ್ಲಿಯ ಧೈರ್ಯ? ಕೂರಿಸಿ ತಿಳಿಯ ಹೇಳಿದೆ. ಈ ಸೆನ್ಸರ್ ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ಮಣ್ಣಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದಷ್ಟೇ ಹೇಳುತ್ತದೆ. ಮಣ್ಣು ಒದ್ದೆಯಾದರೂ ಅಂಕಿ ಏರುತ್ತದೆ, ಬಿಸಿಲಿಗೆ ಕಾದರೂ ಏರುತ್ತದೆ. ಅವರೋ ಬೆಳಿಗ್ಗೆಯೇ ನೀರು ಹಾಯಿಸಿದ್ದರು. "ಮೊದಲು ಇದಕ್ಕೆ ನಿಮ್ಮ ಮಣ್ಣಿನ ಪಾಠ ಮಾಡಬೇಕು ಮಾವ, ಒಂದು ವಾರ ಕೊಡಿ" ಎಂದೆ.

ಅವರೂ ನನ್ನ ಜೊತೆ ಪ್ರಯೋಗಾಲಯಕ್ಕೆ ಬಂದರು. ಆ ಮಣ್ಣನ್ನೇ ತೊಳೆದು, ಒಣಗಿಸಿ, ಡಬ್ಬಿಗಳಿಗೆ ತುಂಬಿ, ಅಳೆದ ನೀರಿಗೆ ತೂಗಿದ ಉಪ್ಪು ಬೆರೆಸಿ ಹಾಕಿ, ಇಷ್ಟು ಉಪ್ಪಿಗೆ, ಇಷ್ಟು ತೇವಕ್ಕೆ ಎಷ್ಟು ಅಂಕಿ ಎಂದು ಗುರುತು ಮಾಡಿಕೊಂಡೆ. "ಸಾರಿಗೂ ಹಿಂಗೇ ತೂಗಿ ಹಾಕಿದ್ರೆ ನನ್ನ ನಾಲಿಗೆ ಉಳೀತಿತ್ತು ಅಳಿಯಂದ್ರೆ" ಎಂದರು ಮಾವ. ನಮ್ಮ ಗುಮಾಸ್ತ ನಕ್ಕಿದ್ದೇ ನಕ್ಕಿದ್ದು.

ಲೆಕ್ಕ ಸರಿಪಡಿಸಿ ನೋಡಿದರೆ ಉಪ್ಪು ಇರುವುದು ನಿಜ, ಆದರೆ ನಾವು ಹೆದರಿದ್ದರ ಅರ್ಧವೂ ಇಲ್ಲ, ಇದ್ದದ್ದೂ ಮೇಲ್ಪದರದಲ್ಲೇ. ನಿನ್ನೆ ತೊಟ್ಟಿಯ ಮಳೆನೀರನ್ನು ಬುಡಕ್ಕೆ ಸಣ್ಣಗೆ ಬಿಟ್ಟೆವು. ಮೇಲಿನ ಅಂಕಿ ಇಳಿಯಿತು. ನಡುವಿನದು ಏರಿ, ಮತ್ತೆ ಇಳಿಯಿತು. ಸಂಜೆಯ ಹೊತ್ತಿಗೆ ಆಳದ್ದು ಏರತೊಡಗಿತು. ಉಪ್ಪು ಬೇರು ದಾಟಿ ಕೆಳಗೆ ಹೋಗುತ್ತಿತ್ತು. ಮಾವ ಜ್ವರ ನೋಡುವವರ ಹಾಗೆ ಒದ್ದೆ ಮಣ್ಣಿನ ಮೇಲೆ ಅಂಗೈ ಇಟ್ಟು, "ಇಳೀತಾ ಇದೆ, ಅಲ್ವಾ?" ಎಂದರು. ಆಮೇಲೆ ಅತ್ತೆಯ ವಿಷಯ ತೆಗೆದು, ದೀಪ ಹಚ್ಚುವವರೆಗೂ ಮಾತಾಡಿದರು. ಗಿಡ ನೆಡುವಾಗ ಅವರಿಬ್ಬರೂ ಜಗಳವಾಡಿದ್ದಂತೆ, ಎಲ್ಲಿ ನೆಟ್ಟರೆ ಅಡುಗೆಮನೆಗೆ ಹತ್ತಿರ ಎಂದು. ಅವರು ಇಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ನೀನಿರಬೇಕಿತ್ತು.

ಅಕ್ಕನಿಗೆ ನನ್ನ ನೆನಪು ಹೇಳು, ಕೂಸಿನ ಪಾದಕ್ಕೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು.

ನೀನೇ ಹೆಸರಿಟ್ಟ,
ಮಣ್ಣಪ್ಪ

ತಾ.ಕ.: ಪತ್ರ ಒಯ್ಯಬೇಕಾದ ಭಾವ ಹೊರಟು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ ಎಂದು ಮಾವ ನಿನ್ನೆ ಬಾಯಿಬಿಟ್ಟರು, ತಿಂಗಳಿಂದ ಹೀಗಂತೆ. ನಾಳೆ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. "ಅವಳಿಗೆ ಫೋನ್ ಮಾಡಿ ಹೇಳಬೇಡಿ" ಎಂದು ಆಣೆ ಮಾಡಿಸಿಕೊಂಡಿದ್ದಾರೆ. ಪತ್ರದ ಮಾತು ಎತ್ತಲಿಲ್ಲ. ನೀನು ಬಾ. ನಾನು ತಿಳಿಸಿದೆ ಎನ್ನಬೇಡ, ಅಪ್ಪನನ್ನು ನೋಡಬೇಕೆನಿಸಿತು ಎಂದುಬಿಡು. ಅದೇನೂ ಸುಳ್ಳಲ್ಲವಲ್ಲ.