ಒಣಗಿಸದ ತೆನೆಗಳು

14-10-2004, ಗುರುವಾರ. ಹೆಮ್ಮಿಗೆ

ಮುಸುಕಿನ ಜೋಳ ಕೊಳೆತರೆ ಬೇಸಿಗೆಯಲ್ಲಿ ನಮ್ಮ ಎರಡು ಹಸುಗಳಿಗೆ ಏನು ಹಾಕುವುದು? ಸಂಜೆಯಿಂದ ಇದೇ ಯೋಚನೆ.

ತೆನೆಗಳನ್ನು ಹಸಿಯಾಗಿಯೇ ಕೊಯ್ದು, ದಿಂಡಿನ ಸಮೇತ ಕತ್ತರಿಸಿ, ಗಾಳಿಯಾಡದಂತೆ ಗುಂಡಿಯಲ್ಲಿ ತುಳಿದಿಟ್ಟರೆ ಹುಳಿ ಹಿಡಿದು ಬೇಸಿಗೆಯವರೆಗೂ ಕೆಡದ ಮೇವಾಗುತ್ತದೆಂದು ಪಶುವೈದ್ಯರು ಹೇಳಿದ್ದರು. ಬೆಳಿಗ್ಗೆ ಕೊಯ್ಲು ಮುಗಿಯಿತು. ಒಂದು ಕಾಳು ಬಿಡಿಸಿ ಉಗುರಿನಿಂದ ಒತ್ತಿದೆ. ಅದರ ತೇವ ನೋಡುತ್ತ ಎಲ್ಲೋ ಕಳೆದುಹೋಗಿದ್ದೆ. ತಲೆಯೆತ್ತಿದರೆ ಮರಿಯಯ್ಯ ದೊಡ್ಡಪ್ಪ ತೆನೆಗಳನ್ನೆಲ್ಲ ಬಿಸಿಲಿಗೆ ಹರಡುತ್ತಿದ್ದರು. ಜೀವನವಿಡೀ ಹಗೇವಿಗೆ ರಾಗಿ ತುಂಬಿದವರು. ನೆಲದೊಳಗೆ ಇಡುವುದೆಲ್ಲ ಒಣಗಿರಬೇಕೆಂದೇ ಅವರಿಗೆ ಗೊತ್ತು.

“ಒಣಗಿಸ್ಬಾರ್ದು ದೊಡ್ಡಪ್ಪ” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಹೇಳಿದೆ. ಕೂಲಿಯವರೆಲ್ಲ ತಿರುಗಿ ನೋಡಿದರು.

“ಪದ್ಯ ಓದ್ದೋಳು ಜ್ವಾಳಕ್ಕೂ ಪಾಠ ಏಳ್ತಾಳೆ ಕಣ್ರಲಾ” ಎಂದು ದೊಡ್ಡಪ್ಪ ನಕ್ಕರು. “ಕೊಳ್ತೋದ್ರೆ ನೀನೇ ತಿನ್ಬೇಕು ಕಣವ್ವ.”

“ತಿಂತೀನಿ.”

ಅವರು ಬಗ್ಗಿ, ಹರಡಿದ್ದ ತೆನೆಗಳನ್ನು ಮತ್ತೆ ಒಟ್ಟಿಗೆ ಬಾಚತೊಡಗಿದರು.

ಕೂಲಿಯವರು ಕತ್ತರಿಸಿ ಹಾಕಿದ್ದನ್ನು ಮಧ್ಯಾಹ್ನವೆಲ್ಲ ದೊಡ್ಡಪ್ಪನ ಜೊತೆ ಗುಂಡಿಯಲ್ಲಿ ತುಳಿದೆ. ಪಾದದಡಿ ತಣ್ಣಗೆ, ಮೆತ್ತಗೆ, ಹೊಳೆಯ ತಳದಲ್ಲಿ ನಡೆಯುತ್ತಿರುವ ಹಾಗೆ. ಎಲ್ಲೆಲ್ಲೂ ಸಿಹಿ ವಾಸನೆ. ಪ್ಲಾಸ್ಟಿಕ್ ಹೊದಿಸಿ ಮೇಲೆ ಮಣ್ಣು ಮೆತ್ತಿದೆವು.

ಹೊರಡುವಾಗ ದೊಡ್ಡಪ್ಪ ಮೆಲ್ಲಗೆ ಕೇಳಿದರು: “ಮಣ್ಣು ಬಿರುಕು ಬಿಟ್ರೆ ಏನ್ ಮಾಡ್ಬೇಕವ್ವ?”

“ತಕ್ಷಣ ಮುಚ್ಬೇಕು ದೊಡ್ಡಪ್ಪ.”

ಅವರು ನನ್ನನ್ನು ಏನಾದರೂ ಕೇಳಿ ತಿಳಿದುಕೊಂಡದ್ದು ಇದೇ ಮೊದಲು. ಅದೇ ಈಗ ಹೆದರಿಸುತ್ತಿದೆ. ನಲವತ್ತು ದಿನ ತೆರೆದು ನೋಡುವಂತಿಲ್ಲ. ಬರೆಯುತ್ತಲೇ ನಿದ್ದೆಗೆ ಕಣ್ಣು ಎಳೆಯುತ್ತಿದೆ. ಅಲ್ಲಿ ಕತ್ತಲಲ್ಲಿ ಅವು ಕೊಳೆಯುತ್ತಿವೆಯೋ, ಇಲ್ಲ ಮೆಲ್ಲಗೆ ಹುಳಿ ಹಿಡಿದು ಮೇವಾಗು…