ಡಾಲ್ಫಿನ್ ಪ್ರಾಕ್ಟೀಸು

ಏಪ್ರಿಲ್ 1, ಮಂಗಳವಾರ. ಸಂಜೆ

ಅಂಗಡಿಗೆ ವಾರದ ರಜೆ. ಮನೆಯಲ್ಲಿ ಹೇಳಿದ್ದು ಮಾತ್ರ ಸ್ಟಾಕ್ ಚೆಕಿಂಗ್ ಅಂತ. ಇವರು ಬಂದರಿಗೆ, ಕ್ರೇನ್ ಡ್ಯೂಟಿಗೆ ಹೋದರು. ಮಗು ಡ್ರಾಯಿಂಗ್ ಕ್ಲಾಸಿಗೆ. ನಾನು ನೆಟ್ಟಗೆ ಜೆಟ್ಟಿಗೆ ಹೋಗಿ ಹನ್ನೊಂದರ ಬೋಟ್ ಹತ್ತಿದೆ. ಡಾಲ್ಫಿನ್ ತೋರಿಸುವ ಬೋಟು. ಎಲ್ಲಾ ಸರಿಯಾಗಿ ಕಾಣಲಿ ಅಂತ ಮುಂದಿನ ಸಾಲಲ್ಲೇ ಕೂತೆ. ದೀಪಸ್ತಂಭ ದಾಟಿದ್ದೇ ತಡ, ಬೆಳಗ್ಗೆ ತಿಂದದ್ದೆಲ್ಲ ಬೋಟಿನವರು ಕೊಟ್ಟ ಬಕೆಟ್ಟಿನ ಪಾಲು.

ಡಾಲ್ಫಿನ್ ಬಂದವಂತೆ. ಪಕ್ಕದವರು ಹೇಳಿದರು. ನಾನು ನೋಡಿದ್ದು ಬಕೆಟ್ಟಿನ ತಳ ಮಾತ್ರ.

ವರ್ಷಗಟ್ಟಲೆ ಕನ್ನಡಕದ ಅಂಗಡಿಯಲ್ಲಿ ಸ್ಕ್ರೂ ಬಿಗಿಯುತ್ತಾ ಕೂತವಳು. ಸಮುದ್ರ ಅಂದರೆ ಬಸ್ಸಿನ ಕಿಟಕಿಯಲ್ಲಿ ಕಾಣುವ ನೀಲಿ ಗೀಟು ನನಗೆ. ಆದರೂ ಬಿಡುವುದಿಲ್ಲ. ಯಾಕೆ ಅಂತ ಇಲ್ಲಿ ಬರೆದೇ ಬಿಡುತ್ತೇನೆ. ಆಮೇಲೆ ಹಿಂದೆ ಸರಿಯೋಕಾಗಬಾರದು.

ನಮ್ಮ ಮದುವೆಯಾಗಿ ಎಂಟು ತಿಂಗಳು. ಮಗು ಇವರದು, ಇವರ ಮೊದಲ ಹೆಂಡತಿಯದು. ಒಂಬತ್ತು ವರ್ಷ. ಅಮ್ಮ ತೀರಿಕೊಂಡ ಮೇಲೆ ಬೆಳೆದದ್ದು ಅಮ್ಮನ ಅಮ್ಮನ ಹತ್ತಿರ. ಈಗ ರಜೆಗೆ ಬಂದಿದ್ದಾಳೆ. 20ಕ್ಕೆ ಅಜ್ಜಿ ಬರುತ್ತಾರೆ. ಇಲ್ಲಿರುತ್ತೀಯೋ, ನನ್ನ ಜೊತೆ ಬರುತ್ತೀಯೋ ಅಂತ ಅವಳನ್ನೇ ಕೇಳುತ್ತಾರೆ. ಅವಳು ಹೇಳಿದ್ದೇ ಕೊನೆ — ಇವರು ಮಾತು ಕೊಟ್ಟುಬಿಟ್ಟಿದ್ದಾರೆ. ನನಗೆ ಅವಳು ಇಲ್ಲೇ ಇರಬೇಕು. ಅದಕ್ಕೇ ಅವಳಿಗೆ ಡಾಲ್ಫಿನ್ ತೋರಿಸುವ ಮೊದಲು ಈ ಪ್ರಾಕ್ಟೀಸು. ಅಷ್ಟೇ.

ಏಪ್ರಿಲ್ 4, ಶುಕ್ರವಾರ

ಊಟಕ್ಕೆ ಕೂತಾಗ ವಿಷಯ ತೆಗೆದೆ. 19ರ ಶನಿವಾರ ಊರು ಸುತ್ತೋಣ — ದೀಪಸ್ತಂಭ, ಅಕ್ವೇರಿಯಂ, ಬೋಟು.

ಇವರು: "ನನಗವತ್ತು ಡ್ಯೂಟಿ. ನೀವಿಬ್ಬರೇ ಹೋಗ್ಬನ್ನಿ."

ಮಗು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಜಡ್ಜಮ್ಮನ ನೋಟ ಅದು. "ಡಾಲ್ಫಿನ್ ನಿಜವಾಗ್ಲೂ ಇರುತ್ತಾ? ಇಲ್ಲ, ಸುಮ್ನೆ ಹೇಳ್ತಿದೀರಾ?"

"ಇರುತ್ತೆ."

"ನೀವು ನೋಡಿದೀರಾ?"

"ಇಲ್ಲ." ನಿಜವೇ ಹೇಳಿದ್ದು.

"ಸರಿ, ನೋಡೋಣ," ಅಂದಳು. ನನ್ನನ್ನು ಏನಂತಲೂ ಕರೆಯುವುದಿಲ್ಲ. ಹತ್ತಿರ ಬಂದು ನಿಂತು, ನಾನು ತಿರುಗುವ ತನಕ ಕಾಯುತ್ತಾಳೆ. ಒಲೆ ಮುಂದೆ ಇದ್ದರೆ ಕಾದು ಕಾದು ವಾಪಸ್ ಹೋಗಿಬಿಡುತ್ತಾಳೆ. ಈಗೀಗ ಆಗಾಗ ಸುಮ್ಮನೆ ತಿರುಗಿ ನೋಡುವುದು ಅಭ್ಯಾಸವಾಗಿದೆ.

ಏಪ್ರಿಲ್ 8, ಮಂಗಳವಾರ

ಮತ್ತೆ "ಸ್ಟಾಕ್ ಚೆಕಿಂಗ್". ಈ ಸಲ ಒಣ ಬ್ರೆಡ್ಡು ಬಿಟ್ಟರೆ ಏನೂ ತಿನ್ನಲಿಲ್ಲ. ಮತ್ತೆ ಮುಂದಿನ ಸಾಲು. ಮತ್ತೆ ಬಕೆಟ್ಟು.

ಬೋಟಿನವನು, ಕೆಂಪು ಟೋಪಿಯವನು, ನೀರಿನ ಬಾಟಲಿ ಕೊಟ್ಟ. "ಏನಕ್ಕಾ, ಯಾರಾದ್ರೂ ಬೆಟ್ ಕಟ್ಟಿದಾರಾ?"

ಇಲ್ಲಪ್ಪ, ನಾನೇ ಕಟ್ಟಿಕೊಂಡಿದ್ದೀನಿ ಅಂದೆ.

ವಾಪಸ್ ಬರುವಾಗ ಉಳಿದದ್ದನ್ನೂ ನೋಡಿಟ್ಟುಕೊಂಡೆ. ಕೆಸರಿನ ದಂಡೆಯಲ್ಲಿ ಏಡಿಗಳು ಎಲ್ಲಿ ಹೊರಗೆ ಬರುತ್ತವೆ, ಅಕ್ವೇರಿಯಮ್ಮಿನಲ್ಲಿ ಆಮೆಗೆ ಯಾವಾಗ ಸೊಪ್ಪು ಹಾಕುತ್ತಾರೆ, ದೀಪಸ್ತಂಭದಲ್ಲಿ ಮಕ್ಕಳನ್ನು ಎಲ್ಲಿಯ ತನಕ ಬಿಡುತ್ತಾರೆ. ಪರೀಕ್ಷೆಗೆ ಓದಿದಾಗಲೂ ಇಷ್ಟು ಶ್ರದ್ಧೆ ಇರಲಿಲ್ಲ.

ಏಪ್ರಿಲ್ 11, ಶುಕ್ರವಾರ. ರಾತ್ರಿ

ಮಗು ಅಂಗಡಿಗೆ ಬಂದಿದ್ದಳು. ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿಲ್ಲ. ಕಡ್ಡಿ ಬಿಸಿ ಮಾಡಿ, ಕಿವಿ ಹಿಂದೆ ಕೂರುವ ಹಾಗೆ ಬಾಗಿಸಿದೆ. ಅಳತೆ ನೋಡಲು ಕೂದಲು ಸರಿಸಬೇಕಾಯಿತು. ಸರಿಸಿದೆ. ಕದಲಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ತಲೆ ಜೋರಾಗಿ ಅಲ್ಲಾಡಿಸಿ ನೋಡಿದಳು. "ಬೀಳಲ್ಲ," ಅಂದಳು. ಆಮೇಲೆ ಇಡೀ ದಿನ ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡಿದೆ.

ಏಪ್ರಿಲ್ 15, ಮಂಗಳವಾರ

ವಾಂತಿ ಆಗಲಿಲ್ಲ!

ಮಾತ್ರೆ ತಗೊಂಡಿದ್ದೆ. ಜೆಟ್ಟಿ ಬಿಡುವ ಮೊದಲೇ ನಿದ್ದೆ. ಟೋಪಿಯವನು ಭುಜ ತಟ್ಟಿ ಎಬ್ಬಿಸಿದಾಗ ಬೋಟು ವಾಪಸ್ ಬಂದಾಗಿತ್ತು. ಮಗುವನ್ನು ಕರೆದುಕೊಂಡು ಹೋಗಿ ನಾನು ಗೊರಕೆ ಹೊಡೆಯೋದಾ? ಮಾತ್ರೆ ಬೇಡ. ಆದದ್ದಾಗಲಿ. ಹಲ್ಲು ಕಚ್ಚಿ ಕೂತುಬಿಡುತ್ತೇನೆ.

ಏಪ್ರಿಲ್ 19, ಶನಿವಾರ. ಬೆಳಗ್ಗೆ

ಬಿಸಿಲು. ಗಾಳಿ ಸ್ವಲ್ಪ ಜಾಸ್ತಿ... ಅಂಗಡಿಯ ಹಳೇ ಬೈನಾಕ್ಯುಲರ್ ಬಿಚ್ಚಿ, ಒರೆಸಿ, ಸ್ಕ್ರೂ ಹಾಕಿ ಅವಳ ಕಣ್ಣಿಗೆ ಹೊಂದಿಸಿಟ್ಟಿದ್ದೇನೆ. ಬಾಗಿಲ ಹತ್ತಿರ ಶೂ ಹಾಕಿಕೊಂಡು ನಿಂತಿದ್ದಾಳೆ. ನಾನು ತಿರುಗಲಿ ಅಂತ ಕಾಯುತ್ತಿದ್ದಾಳೆ. ತಿರುಗಿದೆ.

ಅದೇ ದಿನ. ಸಂಜೆ

ಇವತ್ತಿನದನ್ನು ಇವತ್ತೇ ಬರೆಯಬೇಕು.

ದೀಪಸ್ತಂಭ ಚೆನ್ನಾಗಿಯೇ ಆಯಿತು. ಕೆಳಗೆ ಕಲ್ಲುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ನಿಂತಿದ್ದವು. "ಬಟ್ಟೆ ಒಣಗೋಕೆ ಹಾಕ್ದಂಗಿದೆ," ಅಂದಳು. ದಂಡೆಯ ತಿರುವಿನಲ್ಲಿ ಮೆಲ್ಲಗೆ ಬಾ, ಏಡಿ ಇರುತ್ತವೆ ಅಂದೆ. ಇದ್ದವು. ಬೇಗ ನಡಿ, ಆಮೆಗೆ ಸೊಪ್ಪು ಹಾಕುವ ಹೊತ್ತಾಯಿತು ಅಂದೆ. ಹೋಗುವುದಕ್ಕೂ ಹಾಕುವುದಕ್ಕೂ ಸರಿಹೋಯಿತು.

"ನಿಮಗೆ ಹೆಂಗೆ ಗೊತ್ತು?"

"ಬೋರ್ಡಲ್ಲಿತ್ತಲ್ಲ."

"ಯಾವ ಬೋರ್ಡು?"

ಗಾಜಿನಾಚೆಯ ಆಮೆ ನೋಡುತ್ತಾ ನಿಂತೆ. ಅದೂ ನನ್ನ ಪರವಾಗಿ ಏನೂ ಹೇಳಲಿಲ್ಲ.

ಜೆಟ್ಟಿಯಲ್ಲಿ ಎಲ್ಲ ಬಯಲಾಯಿತು. ಟೋಪಿಯವನು ನನ್ನನ್ನು ನೋಡಿದ್ದೇ ಅರಳಿಬಿಟ್ಟ. "ಬನ್ನಿ ಅಕ್ಕಾ! ನಾಲ್ಕನೇ ಸಲಾನಾ? ಇವತ್ತಾದ್ರೂ ಹಿಂದೆ ಕೂತ್ಕೊಳ್ಳಿ, ಮುಂದೆ ಕುಲುಕು ಜಾಸ್ತಿ. ಬಕೆಟ್ ಅಲ್ಲೇ ಇಟ್ಟಿದೀನಿ."

ಹಿಂದೆ ಕುಲುಕು ಕಮ್ಮಿ ಅಂತ ಮೊದಲೇ ಹೇಳಬಾರದಿತ್ತಾ ಪುಣ್ಯಾತ್ಮ.

ಮಗು ನಿಂತಲ್ಲೇ ನಿಂತಳು. "ಮಂಗಳವಾರ ಸ್ಟಾಕ್ ಚೆಕಿಂಗ್ ಅಂದ್ರಲ್ಲ."

"ಹೂಂ."

"ಸುಳ್ಳು." ಮುಖ ಕೆಂಪಾಗಿತ್ತು. "ಅಮ್ಮಂಗೆ ಹುಷಾರಿಲ್ದಾಗ್ಲೂ ಎಲ್ಲರೂ ಹಿಂಗೇ. ನಾಳೆ ಮನೆಗೆ ಬರ್ತಾಳೆ, ನಾಡಿದ್ದು ಬರ್ತಾಳೆ. ಸುಮ್ಸುಮ್ನೆ."

ಮೂರು ವಾರದ ಪ್ರಾಕ್ಟೀಸು ನೀರಲ್ಲಿ ಹೋಮ. ಸುತ್ತಲೂ ಜನ. ಅವಳ ಎತ್ತರಕ್ಕೆ ಬಗ್ಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಸುಳ್ಳು ಹೇಳಿದ್ದು ತಪ್ಪು. ಮೂರು ಸಲ ಬಂದೆ. ಎರಡು ಸಲ ವಾಂತಿ, ಒಂದು ಸಲ ನಿದ್ದೆ. ನಿನ್ನ ಮುಂದೆ ಮರ್ಯಾದೆ ಹೋಗ್ಬಾರ್ದು ಅಂತ ಪ್ರಾಕ್ಟೀಸ್ ಮಾಡ್ತಿದ್ದೆ. ನೀನು ನಮ್ಮನೇಲೇ ಇರ್ಬೇಕು ಅಂತ ನನಗೆ ತುಂಬಾ ಆಸೆ. ಇರ್ಲೇಬೇಕು ಅಂತೇನಿಲ್ಲ. ಆದ್ರೆ ಆಸೆ ಇದೆ. ಇದು ಸುಳ್ಳಲ್ಲ."

ಅವಳು ನನ್ನನ್ನು ದಾಟಿಕೊಂಡು ಹೋಗಿ ಬೋಟ್ ಹತ್ತಿದಳು. ಹಿಂದಿನ ಸಾಲಲ್ಲಿ ಕೂತಳು. ಪಕ್ಕದ ಜಾಗ ಖಾಲಿ ಬಿಟ್ಟಿದ್ದಳು.

ಹಿಂದೆ ಕುಲುಕು ಕಮ್ಮಿ ನಿಜ. ಡೀಸೆಲ್ ಹೊಗೆಯ ವಿಷಯ ಟೋಪಿಯವನು ಹೇಳಿರಲಿಲ್ಲ. ಹಲ್ಲು ಕಚ್ಚಿದೆ. ದೀಪಸ್ತಂಭ ದಾಟಿತು. ಇನ್ನೂ ಸ್ವಲ್ಪ ದೂರ ತಡೆದುಕೊಂಡೆ. ಅಷ್ಟರಲ್ಲಿ ಯಾರೋ "ಅಗೋ!" ಅಂದರು. ನಾನು ಬಕೆಟ್ಟಿಗೆ ಮುಖ ಕೊಟ್ಟೆ.

ಬೆನ್ನ ಮೇಲೆ ಒಂದು ಪುಟ್ಟ ಕೈ. ಮೊದಲು ಸುಮ್ಮನೆ ಇತ್ತು. ಆಮೇಲೆ ಮೆಲ್ಲಗೆ ಸವರತೊಡಗಿತು.

"ಎಡಗಡೆ ಎರಡಿದೆ," ಅಂದಳು. ಇನ್ನೊಂದು ಕೈಯಲ್ಲಿ ಬೈನಾಕ್ಯುಲರ್ ಹಿಡಿದಿದ್ದಳೇನೋ. "ಈಗ ಮುಳುಗ್ತು. ಇರಿ... ಹಾಂ, ಮತ್ತೆ ಬಂತು. ಮರಿ ಇದೆ. ಮರಿ ದೊಡ್ಡದರ ಪಕ್ಕದಲ್ಲೇ ಹೋಗ್ತಿದೆ. ನೀವು ತಲೆ ಎತ್ಬೇಡಿ, ನಾನು ಹೇಳ್ತೀನಿ."

ಎಲ್ಲ ಹೇಳಿದಳು. ಒಂದೂ ಬಿಡದೆ. ನಾಲ್ಕು ಸಲ ಹೋಗಿಯೂ ನಾನು ಡಾಲ್ಫಿನ್ ನೋಡಿಲ್ಲ. ಆದರೆ ಅದರ ಬೆನ್ನಿನ ಬಣ್ಣ ಯಾವುದು ಅಂತ ಯಾರು ಕೇಳಿದರೂ ಹೇಳಬಲ್ಲೆ.

ಮನೆಗೆ ಬರುವಾಗ ಬಸ್ಸಲ್ಲಿ ಕಿಟಕಿ ಸೀಟು ನನಗೆ ಕೊಟ್ಟಳು, ಗಾಳಿ ಬರಲಿ ಅಂತ. ನಾಳೆ ಏನು ಹೇಳುತ್ತಾಳೋ ಗೊತ್ತಿಲ್ಲ. ಕೇಳಲೂ ಇಲ್ಲ. ನನ್ನ ಕಡೆಯಿಂದ ಆಗುವುದೆಲ್ಲ ಮಾಡಿಯಾಗಿದೆ. ಅವಳು ಹೋಗುತ್ತೇನೆ ಅಂದರೆ ಬ್ಯಾಗು ನಾನೇ ತುಂಬಿಕೊಡುತ್ತೇನೆ. ಅಳುವುದೇನಿದ್ದರೂ ಆಮೇಲೆ.

ಏಪ್ರಿಲ್ 20, ಭಾನುವಾರ. ಬೆಳಗ್ಗೆ

ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಅಜ್ಜಿ ಬಂದಾಯಿತು. ನಡುಮನೆಯಲ್ಲಿ ಕೂತಿದ್ದಾರೆ. ಇವರು ನಲ್ಲಿ ರಿಪೇರಿ ಅಂತ ಬಾತ್‌ರೂಮ್ ಸೇರಿದ್ದಾರೆ. ನಲ್ಲಿ ಸರಿಯಾಗಿಯೇ ಇದೆ. ಕ್ರೇನಲ್ಲಿ ಅಷ್ಟೆತ್ತರ ಹತ್ತುವ ಗಂಡಸು.

ಅಜ್ಜಿ ಕೇಳಿದರು. "ಬಟ್ಟೆ ತುಂಬ್ಕೊಂಡ್ಯಾ ಪುಟ್ಟಿ?"

ಒಲೆ ಆರಿಸಿದೆ. ಕೇಳಿಸಬೇಕಲ್ಲ.

"ಇಲ್ಲಜ್ಜಿ."

"ಯಾಕಮ್ಮಾ?"

"ಇವರಿಗೆ ಬೋಟಲ್ಲಿ ಆಗಲ್ಲ. ಆದ್ರೂ ಹೋಗ್ತಾರೆ. ಹೇಳಿದ್ರೂ ಕೇಳಲ್ಲ. ಅಪ್ಪಂಗೆ ಡ್ಯೂಟಿ. ನಾನೂ ಹೋಗ್ಬಿಟ್ರೆ ಬಕೆಟ್ ಹಿಡ್ಕೊಳ್ಳೋರು ಯಾರು?"

ಅಜ್ಜಿ ನಕ್ಕರು. ಆಮೇಲೆ ಮೂಗೊರೆಸಿಕೊಂಡದ್ದು ಕೇಳಿಸಿತು. ಬಾತ್‌ರೂಮಿನಲ್ಲಿ ಏನೋ ಧಡಾರನೆ ಬಿತ್ತು. ನಾನಂತೂ ಅಳುತ್ತಿದ್ದೇನೆ, ಅಕ್ಷರ ಕಲೆಸಿಹೋಗುತ್ತಿದೆ—

ಈಗ ಹೊಸ ರಾಗ ತೆಗೆದಿದ್ದಾಳೆ. ಅಜ್ಜಿಗೂ ಡಾಲ್ಫಿನ್ ತೋರಿಸಬೇಕಂತೆ. ಇವತ್ತೇ. ಹನ್ನೊಂದರ ಬೋಟಿಗೇ. ಬರೀ ಬ್ರೆಡ್ಡು ತಿಂದು ಹೊರಡಿ ಅಂತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಾಳೆ, ನಾನು ತಿರುಗಲಿ ಅಂತ ಕಾಯದೆ. ಐದನೇ ಸಲ. ಬರ್ತೀನಿ ಇರೇ, ಬ್ರೆಡ್ಡು ಎಲ್ಲಿ